ಅಣ್ಣನ ಮನೆಯಲ್ಲಿ ಬಾಡಿಗೆಗಿದ್ದರೆ ಬ್ರಿಟನ್ನಿನಲ್ಲಿ ಬಾಡಿಗೆ ಸಹಾಯ ಸಿಗುತ್ತದಾ?

ಪ್ರಶ್ನೆ: ಲೆಸ್ಟರ್‌ನಲ್ಲಿ ಅಣ್ಣನ ಹೆಸರಿನಲ್ಲಿರುವ ಮನೆಯಲ್ಲಿ ಬಾಡಿಗೆಗಿದ್ದೇನೆ. ಅಣ್ಣ, ಅತ್ತಿಗೆ ಇರುವುದು ಬೇರೆ ಮನೆಯಲ್ಲಿ. ಈಗ ನನ್ನ ಕೆಲಸ ಹೋಗಿದೆ. ಸ್ವಂತ ಅಣ್ಣನಿಗೆ ಕೊಡೋ ಬಾಡಿಗೆ ಅಂತ ನನ್ನ ಅರ್ಜಿ ತಿರಸ್ಕಾರ ಆಗುತ್ತದಾ?

ಅಣ್ಣ ಅನ್ನೋ ಒಂದೇ ಕಾರಣಕ್ಕೆ ತಿರಸ್ಕರಿಸುವ ಹಾಗಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಅಣ್ಣ ಬೇರೆ ಮನೆಯಲ್ಲಿದ್ದಾರೆ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಆದರೆ ಮೊದಲು ವೀಸಾ ನೋಡಿ. ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಗಂಡ ಅಥವಾ ಹೆಂಡತಿಯ ಮೇಲೆ ಬಂದ ವೀಸಾ, ಇವುಗಳಲ್ಲಿ ಸಾಮಾನ್ಯವಾಗಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಎಂಬ ಷರತ್ತು ಇರುತ್ತದೆ, ಅಂದರೆ ಸರ್ಕಾರದ ಸಹಾಯಧನ ಪಡೆಯುವ ಹಾಗಿಲ್ಲ ಅಂತ. ಅದಿದ್ದರೆ ಅರ್ಜಿ ಹಾಕಬೇಡಿ. ಹೌಸಿಂಗ್ ಬೆನಿಫಿಟ್ (ಬಾಡಿಗೆಗೆಂದೇ ಕೊಡುವ ಸಹಾಯಧನ) ಮತ್ತು ಯೂನಿವರ್ಸಲ್ ಕ್ರೆಡಿಟ್ (ಕೆಲಸ ಇಲ್ಲದವರಿಗೆ, ಆದಾಯ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ಸಹಾಯಧನ) ಎರಡೂ ಈ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿವೆ, ಷರತ್ತು ಮೀರಿ ತಗೊಂಡರೆ ಮುಂದಿನ ವೀಸಾಕ್ಕೇ ಪೆಟ್ಟು ಬೀಳಬಹುದು. ಅಲ್ಲೇ ಖಾಯಂ ಆಗಿ ಇರಲು ಅನುಮತಿ ಸಿಕ್ಕಿದ್ದರೆ ಅಥವಾ ಬ್ರಿಟಿಷ್ ಪೌರತ್ವ ಬಂದಿದ್ದರೆ ಮುಂದೆ ಓದಿ.

ಕೆಲಸ ಮಾಡುವ ವಯಸ್ಸಿನವರು ಈಗ ಹೊಸದಾಗಿ ಕೇಳಬೇಕಾದದ್ದು ಯೂನಿವರ್ಸಲ್ ಕ್ರೆಡಿಟ್, ಬಾಡಿಗೆಯ ಹಣ ಅದರೊಳಗೇ ಒಂದು ಭಾಗವಾಗಿ ಬರುತ್ತದೆ. ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ಹಳೆಯ ಹೌಸಿಂಗ್ ಬೆನಿಫಿಟ್ ಈಗ ಮುಖ್ಯವಾಗಿ ಪಿಂಚಣಿ ವಯಸ್ಸು ದಾಟಿದವರಿಗೆ. ದಂಪತಿಯಾಗಿದ್ದರೆ ಸಾಮಾನ್ಯವಾಗಿ ಇಬ್ಬರೂ ಆ ವಯಸ್ಸು ದಾಟಿರಬೇಕು. ಮನೆ ಮಾಲೀಕರು ಸಂಬಂಧಿಕರಾಗಿದ್ದಾಗ ಎರಡರಲ್ಲೂ ನೋಡುವ ವಿಷಯ ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ಒಂದೇ ಸೂರಿನಡಿ ಇದ್ದೀರಾ ಅನ್ನೋದು. ಮನೆ ಮಾಲೀಕರು ನಿಮ್ಮ ಹತ್ತಿರದ ಸಂಬಂಧಿಯಾಗಿದ್ದು, ಅದೇ ಮನೆಯಲ್ಲಿ ನಿಮ್ಮ ಜೊತೆ ವಾಸವಿದ್ದರೆ ಬಾಡಿಗೆಗೆ ಒಂದು ಪೌಂಡೂ ಸಿಗುವುದಿಲ್ಲ. ನೀವು ಪ್ರತಿ ತಿಂಗಳು ತಪ್ಪದೆ ಕೊಡುತ್ತಿದ್ದರೂ ಅಷ್ಟೇ, ಕರಾರುಪತ್ರ ಇದ್ದರೂ ಅಷ್ಟೇ. ಹತ್ತಿರದ ಸಂಬಂಧಿ ಅಂದರೆ ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿಯ ಅಪ್ಪ ಅಮ್ಮ, ಮಗ, ಮಗಳು, ಸೊಸೆ, ಅಳಿಯ, ಅಣ್ಣ, ತಮ್ಮ, ಅಕ್ಕ, ತಂಗಿ, ಮಲತಂದೆ, ಮಲತಾಯಿ, ಮಲಮಕ್ಕಳು, ಮತ್ತೆ ಇವರೆಲ್ಲರ ಗಂಡ, ಹೆಂಡತಿ ಅಥವಾ ಸಂಗಾತಿ. ಚಿಕ್ಕಪ್ಪ, ಸೋದರಮಾವ, ಚಿಕ್ಕಮ್ಮನ ಮಗ, ಅಜ್ಜಿ ಈ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ ಅಲ್ವಾ, ಅರ್ಜಿಯಲ್ಲಿ ಸುಮ್ನೆ 'ಬ್ರದರ್' ಅಂತ ಬರೆದುಬಿಟ್ಟರೆ ನಿಮಗೇ ತೊಂದರೆ. ನಿಜವಾದ ಸಂಬಂಧ ಏನೋ ಅದನ್ನೇ ಬರೆಯಿರಿ.

ಎರಡನೆಯದು, ಇದು ನಿಜವಾದ ಬಾಡಿಗೆಯಾ ಅನ್ನೋದು. ನಮ್ಮವರು ಜಾಸ್ತಿ ಸೋಲುವುದು ಇಲ್ಲೇ ಅಂತ ನನಗನಿಸುತ್ತದೆ. ಮನೆಯವರ ನಡುವೆ ದುಡ್ಡಿನ ಮಾತು ಆಡುವುದಕ್ಕೆ ನಮಗೆ ಸಂಕೋಚ, ಇದ್ದಾಗ ಕೊಡು ಅಂತ ಅಣ್ಣ ಹೇಳುತ್ತಾರೆ, ತಮ್ಮ ಒಂದು ತಿಂಗಳು ಕೈಯಲ್ಲಿ ಕೊಡುತ್ತಾನೆ, ಇನ್ನೊಂದು ತಿಂಗಳು ಅದರ ಬದಲು ಮನೆಗೆ ದಿನಸಿ ತಂದುಹಾಕುತ್ತಾನೆ, ಆಮೇಲೆ ಅಧಿಕಾರಿ ಕೇಳಿದಾಗ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಅವರು ಕೇಳುವುದು ನೇರವಾದ ಪ್ರಶ್ನೆ: ನೀವು ಬಾಡಿಗೆ ಕೊಡದಿದ್ದರೆ ಏನಾಗುತ್ತದೆ? 'ಏನೂ ಆಗಲ್ಲ, ಅಣ್ಣ ಅಲ್ವಾ' ಅಂದರೆ ಅದು ಬಾಡಿಗೆ ಅನ್ನಿಸಿಕೊಳ್ಳುವುದು ಕಷ್ಟ. ಅಣ್ಣ ಆ ಮನೆಯ ಸಾಲದ ಕಂತು ಕಟ್ಟಬೇಕು, ನಾನು ಕೊಡದಿದ್ದರೆ ಬೇರೆಯವರಿಗೆ ಬಾಡಿಗೆಗೆ ಕೊಡುತ್ತಾರೆ ಅನ್ನೋದು ನಿಜವಾಗಿದ್ದರೆ ಅದನ್ನೇ ಹೇಳಿ, ಅಣ್ಣನಿಂದಲೂ ಬರೆಸಿ.

ಬಾಡಿಗೆ ಮಾರುಕಟ್ಟೆ ದರದಷ್ಟೇ ಇರಬೇಕೆಂದೇನಿಲ್ಲ. ಹೊರಗೆ 900 ಪೌಂಡ್ ಇರೋ ಮನೆಯನ್ನು ತಮ್ಮನಿಗೆ 700ಕ್ಕೆ ಕೊಟ್ಟ ಮಾತ್ರಕ್ಕೆ ಅದು ಸುಳ್ಳು ಬಾಡಿಗೆ ಆಗುವುದಿಲ್ಲ. ಬರೆದ ಕರಾರು ಇರಲೇಬೇಕು ಅಂತಲೂ ಇಲ್ಲ, ಆದರೆ ಇದ್ದರೆ ಕೆಲಸ ಎಷ್ಟೋ ಸಲೀಸು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬ್ಯಾಂಕ್ ಖಾತೆ. ಕೆಲಸ ಇದ್ದಾಗಿನಿಂದಲೂ ತಿಂಗಳು ತಿಂಗಳು ನಿಮ್ಮ ಖಾತೆಯಿಂದ ಅಣ್ಣನ ಖಾತೆಗೆ ಹೋಗಿರುವ ದಾಖಲೆ ಇದ್ದರೆ, ಸಹಾಯಧನಕ್ಕಾಗಿ ಕಟ್ಟಿದ ಕಥೆ ಇದು ಅಂತ ಯಾರೂ ಸುಲಭವಾಗಿ ಹೇಳಲಾರರು. ವರ್ಷಗಟ್ಟಲೆ ಪುಕ್ಕಟೆ ಇದ್ದು, ಕೆಲಸ ಹೋದ ವಾರವೇ ಹೊಸ ಕರಾರು ಹುಟ್ಟಿಕೊಂಡರೆ ಅನುಮಾನ ಬರುವುದು ಸಹಜ. ಸಹಾಯಧನ ಪಡೆಯಲೆಂದೇ ಹೂಡಿದ ಏರ್ಪಾಡು ಅಂತ ಕಂಡರೆ ತಿರಸ್ಕರಿಸಲು ನಿಯಮದಲ್ಲೇ ಅವಕಾಶ ಇದೆ.

ಅಣ್ಣನ ಜೊತೆಗೂ ಕೂತು ಮಾತಾಡಿ. ಅವರು ಈ ಬಾಡಿಗೆಯನ್ನು ಆದಾಯ ಅಂತ ತೆರಿಗೆ ಇಲಾಖೆಗೆ ತೋರಿಸಬೇಕಾಗುತ್ತದೆ. ಮನೆಯ ಸಾಲ ಸ್ವಂತ ವಾಸಕ್ಕೆ ಅಂತ ತಗೊಂಡಿದ್ದಾದರೆ ಬ್ಯಾಂಕಿನ ಒಪ್ಪಿಗೆ ಇದೆಯಾ ಅಂತಲೂ ನೋಡಿಕೊಳ್ಳಲಿ. ನಿಮ್ಮ ಅರ್ಜಿಯಿಂದ ಅವರು ಸಿಕ್ಕಿಹಾಕಿಕೊಳ್ಳಬಾರದು.

ಇನ್ನು ಎಷ್ಟು ಸಿಗುತ್ತದೆ? ಖಾಸಗಿ ಬಾಡಿಗೆಗೆ ಪ್ರತಿ ಪ್ರದೇಶಕ್ಕೂ ಒಂದು ಮಿತಿ ಇದೆ, ಲೋಕಲ್ ಹೌಸಿಂಗ್ ಅಲೋವೆನ್ಸ್ ಅಂತ. ನಿಮ್ಮ ಬಾಡಿಗೆ ಅದಕ್ಕಿಂತ ಜಾಸ್ತಿ ಇದ್ದರೆ ಮಿಕ್ಕಿದ್ದು ನಿಮ್ಮ ಕೈಯಿಂದಲೇ. 35 ವರ್ಷದೊಳಗಿನ ಒಂಟಿ ವ್ಯಕ್ತಿಗೆ ಸಾಮಾನ್ಯವಾಗಿ ಹಂಚಿಕೊಂಡ ಮನೆಯ ಒಂದು ಕೋಣೆಯ ಲೆಕ್ಕದಲ್ಲಷ್ಟೇ ಕೊಡುತ್ತಾರೆ. ಮೊದಲ ಕಂತು ಕೈಗೆ ಬರಲು ಸುಮಾರು 5 ವಾರ ಬೇಕು. ಮುಂಗಡ ಕೇಳಬಹುದು, ಆದರೆ ಅದು ಸಾಲ, ಮುಂದಿನ ಕಂತುಗಳಲ್ಲಿ ಕಡಿತ ಆಗುತ್ತದೆ.

ನಮ್ಮವರು ಮರೆಯುವ ಇನ್ನೊಂದು ವಿಷಯ ಊರಿನ ಆಸ್ತಿ. ಉಳಿತಾಯ ಮತ್ತು ಆಸ್ತಿ ಸೇರಿ 16,000 ಪೌಂಡ್ ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ. ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿರೋ ಸೈಟು, ಬೆಂಗಳೂರಿನ ಫ್ಲಾಟು, ಊರ ಬ್ಯಾಂಕಿನ ಠೇವಣಿ ಕೂಡ ಲೆಕ್ಕಕ್ಕೆ ಬರುತ್ತವೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಕೊಟ್ಟ ಹಣ ವಾಪಸ್ ಕೇಳುತ್ತಾರೆ, ವಂಚನೆಯ ಕೇಸೂ ಆಗಬಹುದು.

ನೀವು ಬರೆದಿರುವಂತೆ ಅಣ್ಣ ಬೇರೆ ಮನೆಯಲ್ಲಿದ್ದು, ಬಾಡಿಗೆ ಬ್ಯಾಂಕಿನ ಮೂಲಕ ಹೋಗುತ್ತಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ, ಮಾಲೀಕರು ಅಣ್ಣ ಅಂತ ನೀವೇ ಮೊದಲು ತಿಳಿಸಿ. ತಡ ಮಾಡಬೇಡಿ, ಕಳೆದುಹೋದ ತಿಂಗಳುಗಳ ಬಾಡಿಗೆ ಸುಲಭವಾಗಿ ಸಿಗುವುದಿಲ್ಲ. ಒಂದು ವೇಳೆ ತಿರಸ್ಕರಿಸಿದರೆ ನಿರ್ಧಾರವನ್ನು ಮತ್ತೆ ಪರಿಶೀಲಿಸಿ ಅಂತ ಕೇಳಲು ಪತ್ರದ ದಿನಾಂಕದಿಂದ 1 ತಿಂಗಳ ಅವಧಿ ಇದೆ, ಅದಾದ ಮೇಲೂ ಒಪ್ಪದಿದ್ದರೆ ಟ್ರಿಬ್ಯುನಲ್‌ಗೆ (ನ್ಯಾಯಮಂಡಳಿಗೆ) ಹೋಗಬಹುದು. ಸಿಟಿಜನ್ಸ್ ಅಡ್ವೈಸ್‌ನವರು ಇದಕ್ಕೆ ಪುಕ್ಕಟೆ ಸಲಹೆ ಕೊಡುತ್ತಾರೆ. ಹೋಗುವಾಗ ಆ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು, ಕರಾರುಪತ್ರ ಮೂರನ್ನೂ ಜೊತೆಗೆ ಒಯ್ಯಿರಿ.