ಬೋಗನ್‌ವಿಲ್ಲಾದಲ್ಲಿ ಗಂಡು ಗಿಡ ಇಲ್ಲ, ಇಲ್ಲವೇ ಇಲ್ಲ

ಪ್ರಶ್ನೆ: "ಸರ, ಮನಿ ಮುಂದ ಹಚ್ಚಲಿಕ್ಕೆ ಯಾವ ಬೋಗನ್‌ವಿಲ್ಲಾ ತರಬೇಕ್ರಿ? ಹಿಂದಿನ ಸಲ ತಂದಿದ್ದು ಗಂಡು ಗಿಡ ಆಗಿತ್ತು. ಮೂರು ವರ್ಷ ಆದ್ರೂ ಒಂದು ಹೂ ಬಿಡಲಿಲ್ಲ. ಈ ಸಲ ಹನ್ನೆರಡು ತಿಂಗಳೂ ಹೂ ಬಿಡೋ ಜಾತಿ ಹೇಳ್ರಿ."

ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಎಣಿಸುವುದನ್ನು ಬಿಟ್ಟಿದ್ದೇನೆ. ಮದುವೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ, ಧಾರವಾಡದ ಕೃಷಿ ಮೇಳದಲ್ಲಿ ಗಿರ್ಮಿಟ್ ತಿನ್ನುತ್ತಾ ನಿಂತವನ ತೋಳು ಹಿಡಿದು ಕೇಳಿದ್ದಾರೆ. ಯಾವ ತಳಿ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಗಂಡು ಗಿಡದ ಲೆಕ್ಕ ಮುಗಿಯಲಿ.

ಈ ಮಾತು ಪಪ್ಪಾಯಿಯಿಂದ ಬಂದಿರಬೇಕು. ಪಪ್ಪಾಯಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಇರುವುದು ನಿಜ. ಆದರೆ ಪಪ್ಪಾಯಿಯ ಗಂಡು ಗಿಡವನ್ನು ಎಂದಾದರೂ ಸರಿಯಾಗಿ ನೋಡಿದ್ದೀರಾ? ಉದ್ದ ಗೊಂಚಲು ಇಳಿಬಿಟ್ಟು ಮೈತುಂಬ ಹೂ ಬಿಡುತ್ತದೆ. ಹಿಡಿಯದೇ ಇರುವುದು ಕಾಯಿ. ಅಂದರೆ "ಹೂ ಬಿಡದ್ದು ಗಂಡು" ಅನ್ನುವ ಮಾತು ಪಪ್ಪಾಯಿಗೇ ಒಪ್ಪುವುದಿಲ್ಲ, ಅದನ್ನು ತಂದು ಬೋಗನ್‌ವಿಲ್ಲಾಕ್ಕೆ ಅಂಟಿಸಿದ್ದೇವೆ.

ಒಂದು ಗೊಂಚಲು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಬಣ್ಣದ ಎಲೆ ಮೂರು ಕಾಣುತ್ತವೆ. ನಾವು ಕಾಗದದ ಹೂ ಎಂದು ಕರೆಯುವುದು ಈ ಎಲೆಗಳನ್ನೇ. ಒಂದೊಂದು ಎಲೆಯ ನಡುನರಕ್ಕೆ ಅಂಟಿಕೊಂಡು ಬೆಂಕಿಕಡ್ಡಿಗಿಂತ ಗಿಡ್ಡ ಕೊಳವೆ, ಅದರ ತುದಿಗೆ ಕೆನೆಬಿಳಿ ನಕ್ಷತ್ರ. ಅದು ನಿಜವಾದ ಹೂವು. ಕೊಳವೆಯನ್ನು ಉಗುರಿನಿಂದ ಸೀಳಿದರೆ ಕೇಸರಗಳೂ ಅಲ್ಲೇ, ತಳದಲ್ಲಿ ಅಂಡಾಶಯವೂ ಅಲ್ಲೇ. ಗಂಡು ಹೆಣ್ಣು ಎರಡೂ ಒಂದೇ ಕೊಳವೆಯಲ್ಲಿ ಸಂಸಾರ ಮಾಡಿಕೊಂಡಿವೆ. ಹೀಗಿರುವಾಗ ಇಡೀ ಗಿಡ ಗಂಡಾಗುವುದು ಎಲ್ಲಿಂದ ಬಂತು?

ಇಷ್ಟಕ್ಕೂ ನಂಬದವರಿಗೆ ನಮ್ಮ ಓಣಿಯ ಕಥೆ ಹೇಳುತ್ತೇನೆ. ನಮ್ಮ ಕಂಪೌಂಡಿನಲ್ಲಿ ರಾಣಿ ಬಣ್ಣದ್ದೊಂದು ಗಿಡ ಇದೆ. ಅದರ ಒಂದೇ ಟೊಂಗೆಯಿಂದ ಒಂದೇ ದಿನ ಎರಡು ಕಡ್ಡಿ ಕತ್ತರಿಸಿ, ಹಾಲಿನ ಪಾಕೀಟಿನಲ್ಲಿ ಬೇರು ಬರಿಸಿ, ಒಂದನ್ನು ಮಹಡಿಯ ಬಾಡಿಗೆಯವರಿಗೆ ಕೊಟ್ಟೆ, ಇನ್ನೊಂದನ್ನು ಎದುರು ಮನೆ ಕಾಕುಗೆ. ಎರಡನೇ ವರ್ಷ ಮಹಡಿಯವರ ಪಾಟು ಬಣ್ಣದ ಗುಡ್ಡೆ. ಕಾಕು ಹಿತ್ತಲಲ್ಲಿ ಹಚ್ಚಿದ್ದು ಎಂಟು ಫೂಟು ಎತ್ತರ, ದಟ್ಟ ಹಸಿರು, ಹೂ ಮಾತ್ರ ಶೂನ್ಯ. "ಅವರಿಗೆ ಹೆಣ್ಣು ಕೊಟ್ಟು ನಮಗ ಗಂಡು ಕೊಟ್ಟಿ ನೋಡು" ಎಂದು ಕಾಕು ಗೇಟಿನಲ್ಲೇ ನಿಂತು ಜಗಳ ತೆಗೆದರು.

ಕಡ್ಡಿಯಿಂದ ಬೆಳೆಸಿದ ಗಿಡ ತಾಯಿಯ ಮಗಳಲ್ಲ, ತಾಯಿಯೇ. ಒಂದೇ ಟೊಂಗೆಯ ಎರಡು ಕಡ್ಡಿಗಳಲ್ಲಿ ತಳಿಯ ವ್ಯತ್ಯಾಸ ಇರುವುದು ತೀರಾ ಅಪರೂಪ. ವ್ಯತ್ಯಾಸ ಇದ್ದದ್ದು ಜಾಗದಲ್ಲಿ. ಕಾಕುನ ಹಿತ್ತಲಿಗೆ ಪಡುವಣಕ್ಕೆ ಎರಡಂತಸ್ತಿನ ಮನೆ, ನೆತ್ತಿಯ ಮೇಲೆ ತೆಂಗು. ಬಿಸಿಲು ದಿನಕ್ಕೆ ಎರಡು ತಾಸು ಬಿದ್ದರೆ ಹೆಚ್ಚು. ಈ ಗಿಡಕ್ಕೆ ಕನಿಷ್ಠ ಐದಾರು ತಾಸು ನೇರ ಬಿಸಿಲು ಬೇಕು.

ಇನ್ನು ನೀರು. 24 ತಾಸೂ ನಳ ಬರುವ ವಾರ್ಡುಗಳ ಪುಣ್ಯವಂತರಿಗೆ ಇದು ಗೊತ್ತಾಗಲಿಕ್ಕಿಲ್ಲ. ಉಳಿದ ಹುಬ್ಬಳ್ಳಿಗೆ ನಳ ಬರುವ ದಿನ ಅಂದರೆ ಹಬ್ಬ. ಕೊಡ, ಬಕೀಟು, ಬ್ಯಾರಲ್‌ಗಳ ಹಳೇ ನೀರೆಲ್ಲ ಚೆಲ್ಲಿ ಹೊಸ ನೀರು ತುಂಬಬೇಕು. ಆ ಹಳೇ ನೀರು ಎಲ್ಲಿ ಹೋಗುತ್ತದೆ? ಗಿಡದ ಬುಡಕ್ಕೆ. ಅದರ ಮೇಲೆ ಟಾಕಿ ತುಂಬಿ ಸುರಿಯುವ ಪೈಪು, ದಿನಾ ಅಕ್ಕಿ ತೊಳೆದ ನೀರು. ಹೂ ಬರಲಿಲ್ಲವೆಂದು ಕಾಕು ಮತ್ತೆರಡು ಬುಟ್ಟಿ ತಿಪ್ಪೆಗೊಬ್ಬರ, ಒಂದು ಹಿಡಿ ಯೂರಿಯಾ ಬೇರೆ ಹಾಕಿದ್ದರು. ಇಷ್ಟು ಸುಖ ಸಿಕ್ಕರೆ ಬೋಗನ್‌ವಿಲ್ಲಾ ಎಲೆ ಬಿಡುತ್ತದೆ, ಟೊಂಗೆ ಚಾಚುತ್ತದೆ. ಬೇರಿಗೆ ಒಣಗು ತಾಗಿದಾಗ ಬೆಳವಣಿಗೆ ನಿಧಾನವಾಗಿ ಹೂವಿನ ಕಡೆ ತಿರುಗುತ್ತದೆ.

ಇನ್ನೊಂದು ಸಾಕ್ಷಿ ಗಿಡದ ಮೈಮೇಲೇ ಇತ್ತು. ಕಾಕುನ ಗಿಡದಲ್ಲಿ ಹೂವಿರಲಿಲ್ಲ, ಮುಳ್ಳು ಭರ್ತಿ ಇತ್ತು. ಬೋಗನ್‌ವಿಲ್ಲಾದ ಮುಳ್ಳೂ ಹೂಗೊಂಚಲೂ ಎಲೆಯ ಕಂಕುಳಲ್ಲಿ ಒಂದೇ ಜಾಗದಿಂದ, ಒಂದೇ ಬಗೆಯ ಮೊಗ್ಗಿನಿಂದ ಬರುತ್ತವೆ. ಹವೆ, ಬಿಸಿಲು ಹೊಂದಿದರೆ ಗೊಂಚಲಾಗುತ್ತದೆ, ಹೊಂದದಿದ್ದರೆ ಗಟ್ಟಿಯಾಗಿ ಮುಳ್ಳಾಗುತ್ತದೆ. ಕಾಕುನ ಸೀರೆ ಹರಿದ ಒಂದೊಂದು ಮುಳ್ಳೂ ಹೂವಾಗಬಹುದಾಗಿದ್ದ ಮೊಗ್ಗು.

ಕೊನೆಗೆ ಅದೇ ಗಿಡದ ಕಡ್ಡಿಯೊಂದನ್ನು ಖಾಲಿ ಬಣ್ಣದ ಡಬ್ಬಿಯಲ್ಲಿ ಹಚ್ಚಿ ಅವರ ಮಾಳಿಗೆಯ ಮೇಲೆ ಇಡಿಸಿದೆ. ಎಲೆ ತುಸು ಬಾಡುವ ತನಕ ನೀರು ಮುಟ್ಟಿಸಬೇಡಿ, ಬಾಡಿದ ದಿನ ತಳದ ತೂತಿನಿಂದ ಹರಿಯುವಷ್ಟು ಹಾಕಿ ಅಂದೆ. ಮರುವರ್ಷ ದಸರೆ ಮುಗಿಯುತ್ತಲೇ ಹೂ. ಕಾಕು ಕೊಟ್ಟ ತೀರ್ಪು: "ಮಾಳಿಗಿ ಮ್ಯಾಲೆ ಇಟ್ಟ ಕೂಡಲೆ ಹೆಣ್ಣಾತು ನೋಡು."

ಇವರಿಗೆ ಏನು ಹೇಳುವುದು!

ಹನ್ನೆರಡು ತಿಂಗಳ ವಿಷಯಕ್ಕೂ ಇದೇ ಉತ್ತರ. ಹಗಲು ಗಿಡ್ಡವಾಗಿ, ನೆಲ ಒಣಗಿರುವ ಕಾಲ ಇದರದು. ನಮ್ಮ ಕಡೆ ದೀಪಾವಳಿಯಿಂದ ಯುಗಾದಿ ದಾಟುವವರೆಗೆ ಜೋರು. ಆಷಾಢ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎಂಥ ತಳಿಯಾದರೂ ಎಲೆಯೇ ಹೆಚ್ಚು. ಮಳೆಗಾಲದಲ್ಲಿ ಚಾಚಿದ ಉದ್ದ ಟೊಂಗೆಗಳನ್ನು ಗಣಪತಿ ಕಳಿಸಿದ ಮೇಲೆ ಕತ್ತರಿಸಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಇದ್ದುದರಲ್ಲಿ ಸಣ್ಣ ಎಲೆಯ ಗ್ಲಾಬ್ರಾ ಗುಂಪಿನವು ಬಿಡುವು ಕಡಿಮೆ ತೆಗೆದುಕೊಂಡು ಮತ್ತೆ ಮತ್ತೆ ಹೂ ಬಿಡುತ್ತವೆ, ಅಷ್ಟೇ.

ಈಗ ತಳಿ. ಬಣ್ಣ ನೋಡಿ ಆರಿಸಬೇಡಿ, ಜಾಗ ನೋಡಿ ಆರಿಸಿ. ಮೂವತ್ತು ನಲವತ್ತರ ಸೈಟು, ಗೇಟಿಗೂ ಗೋಡೆಗೂ ನಡುವೆ ನಾಲ್ಕು ಫೂಟು, ಅದರಲ್ಲೇ ಸ್ಕೂಟರು ಅಂದರೆ ದಪ್ಪ ಕೊಕ್ಕೆಮುಳ್ಳಿನ ಸ್ಪೆಕ್ಟಾಬಿಲಿಸ್ ಜಾತಿ ತರಲೇಬೇಡಿ. ಅದು ಹೊಲದ ಬೇಲಿಗೆ, ಫಾರ್ಮ್‌ಹೌಸಿಗೆ ಲಾಯಕ್ಕು. ಮಾಳಿಗೆಯ ಪಾಟಿಗೆ ಗ್ಲಾಬ್ರಾ ಗುಂಪಿನ ಸ್ಯಾಂಡೇರಿಯಾನಾ ಕಣ್ಣುಮುಚ್ಚಿ ತನ್ನಿ. ಬಿಳಿಗೆ ಶುಭ್ರಾ, ಹಳದಿಗೆ ಲೇಡಿ ಮೇರಿ ಬೇರಿಂಗ್. ಕಿತ್ತಳೆ ಬೇಕೆಂದು ಲೂಯಿ ವಾಥೆನ್ ಒಯ್ದವರು "ನರ್ಸರಿಯವ ಮೋಸ ಮಾಡಿದ, ಗುಲಾಬಿ ಆಗೇದ" ಎನ್ನುತ್ತಾರೆ. ಮೋಸವಲ್ಲ, ಅದು ಅರಳುವುದು ಕಿತ್ತಳೆಯಾಗಿ, ಮುಪ್ಪಾಗುವುದು ಗುಲಾಬಿಯಾಗಿ.

ಮಹಾರಾದಂಥ ಡಬಲ್ ಜಾತಿಗೆ ಎಲ್ಲರೂ ಮರುಳಾಗುತ್ತಾರೆ. ಗೊಂಡೆಯ ಹಾಗೆ ತುಂಬಿಕೊಂಡ ಗೊಂಚಲು. ಆದರೆ ಒಣಗಿದ ಮೇಲೆ ಉದುರುವುದಿಲ್ಲ, ಟೊಂಗೆಗೇ ಅಂಟಿ ಕೂರುತ್ತದೆ. ಗದಗಿನ ಒಣಗಾಳಿಯಲ್ಲಿ ಹೇಗೋ ನಡೆಯುತ್ತದೆ. ಧಾರವಾಡದ ಮಳೆಯಲ್ಲಿ ಒದ್ದೆ ಟಿಶ್ಯೂ ಪೇಪರಿನ ಮುದ್ದೆ. ಕೈಯಿಂದ ಒಂದೊಂದೇ ಬಿಡಿಸುವ ತಾಳ್ಮೆ ಇದ್ದರೆ ತನ್ನಿ, ನನಗಿಲ್ಲ.

ಎರೆ ಭೂಮಿಯವರಿಗೆ ಬೇರೆ ಮಾತು. ಮಳೆಯಲ್ಲಿ ಎರೆ ನೀರು ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬೋಗನ್‌ವಿಲ್ಲಾದ ಬೇರು ನೂಲಿನಂತೆ ತೆಳು, ಎಳೆದರೆ ಪಟ್ಟೆಂದು ಹರಿಯುತ್ತದೆ. ಮಸಾರಿ ಮಣ್ಣಿಗೆ ಗರಸು ಬೆರೆಸಿ ಮೊಣಕಾಲೆತ್ತರದ ಏರಿ ಮಾಡಿ ಅದರ ಮೇಲೆ ಹಚ್ಚಿ. ಹಚ್ಚುವಾಗ ಪಾಕೀಟನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ.

ನರ್ಸರಿಯಲ್ಲಿ ಈ ಹೆಸರು ಕೇಳಿದರೆ "ಎಲ್ಲಾ ಹೈಬ್ರಿಡ್ ರೀ, ಥಾಯ್ಲೆಂಡಿಂದು" ಅನ್ನುತ್ತಾರೆ. ಇಡೀ ಜಗತ್ತಿನ ಬೋಗನ್‌ವಿಲ್ಲಾ ತಳಿಗಳ ಹೆಸರು ನೋಂದಾಯಿಸುವ ಕಚೇರಿ ನಮ್ಮದೇ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ, ನಮ್ಮ ಗಿಡಕ್ಕೆ ಮಾತ್ರ ಚೀಟಿ ಇಲ್ಲ. ಹೂ ಬಿಟ್ಟಿರುವಾಗಲೇ ಹೋಗಿ ಕಣ್ಣಾರೆ ನೋಡಿ ತರುವುದೊಂದೇ ದಾರಿ.

ಯಾರೂ ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ: ಒಂದೇ ಗಿಡದಲ್ಲಿ ಬಿಳಿಯೂ ಗುಲಾಬಿಯೂ ಬಿಡುವ ಮೇರಿ ಪಾಮರ್. ಇದು ಕಸಿಯಲ್ಲ, ಬಣ್ಣದ ನೀರು ಕುಡಿಸಿ ಮಾಡಿದ್ದಂತೂ ಅಲ್ಲ. 1910ರಲ್ಲಿ ಕೊಲಂಬಿಯಾದ ಕಾರ್ತಜೇನಾದಲ್ಲಿ ಮಿಸೆಸ್ ಬಟ್ ಎಂಬಾಕೆಗೆ ಕಡುಗೆಂಪಿನ ಗಿಡ ಸಿಕ್ಕಿತು. ಆಕೆಯ ಹೆಸರಿನ ಆ ತಳಿ ಊರೂರು ಸುತ್ತಿತು. ಕೋಲ್ಕತ್ತದಲ್ಲಿ ಅಂಥದೊಂದು ಗಿಡದ ಒಂದು ಟೊಂಗೆ ತನ್ನಷ್ಟಕ್ಕೆ ತಾನೇ ಎರಡು ಬಣ್ಣಕ್ಕೆ ತಿರುಗಿತು. ಬೀಜವಿಲ್ಲ, ಪರಾಗವಿಲ್ಲ, ಮೊಗ್ಗಿನೊಳಗೇ ಆದ ಬದಲಾವಣೆ. ಆ ಟೊಂಗೆಯ ಕಡ್ಡಿಗಳೇ ಇವತ್ತಿನ ಮೇರಿ ಪಾಮರ್‌ಗಳು. ಅದರಲ್ಲೇ ಹಸಿರೆಲೆಗೂ ಹಳದಿ ಮಚ್ಚೆ ಬಂದದ್ದಕ್ಕೆ ತಿಮ್ಮಾ ಎಂದು ಹೆಸರು. ಇಷ್ಟೊಂದು ಮೇಮ್‌ಸಾಹೇಬರ ನಡುವೆ ಒಬ್ಬ ತಿಮ್ಮ ಇರುವುದು ನನಗೆ ಬಹಳ ಖುಷಿ.

ಹೀಗೆ ಬದಲಾದದ್ದು ಮತ್ತೂ ಬದಲಾಗುತ್ತದೆ. ನನ್ನ ಮೇರಿ ಪಾಮರ್‌ನಲ್ಲಿ ಕೆಲವು ಬಣ್ಣದೆಲೆ ನಡುನರದ ಆಚೆ ಬಿಳಿ, ಈಚೆ ಗುಲಾಬಿ. ಈ ವರ್ಷ ಬಲಗಡೆಯ ಟೊಂಗೆಯೊಂದು ಪೂರ್ತಿ ಗುಲಾಬಿಯಾಗಿದೆ. ಬುಡದಿಂದ ತೆಗೆಯದಿದ್ದರೆ ಅಂಥದ್ದೇ ಕ್ರಮೇಣ ಗಿಡವನ್ನೆಲ್ಲ ಆಳುತ್ತದೆ, ಅದರ ಕಡ್ಡಿ ಹಚ್ಚಿದರೂ ಬಹುತೇಕ ಬರೀ ಗುಲಾಬಿಯೇ ಬರುತ್ತದೆ. ಭಾನುವಾರ ಕತ್ತರಿ ಹಿಡಿದು ನಿಂತಿದ್ದೆ. ಕಾಕು ಗೇಟಿನಿಂದಲೇ ಕೂಗಿದರು: "ಅದನ್ನ ಒಗೀಬ್ಯಾಡ, ನನಗ ಕೊಡು. ಮದಲ ಹೆಣ್ಣೋ ಗಂಡೋ ನೋಡಿ ಕೊಡು."