ಹೂವಿಗೆ ತಕ್ಕ ನಾಲಿಗೆ, ಬೀಜಕ್ಕೆ ತಕ್ಕ ಕೊಕ್ಕು

1862ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ಕೈಗೆ ಮಡಗಾಸ್ಕರ್‌ನ ಒಂದು ಆರ್ಕಿಡ್ ಬಂತು. ನಕ್ಷತ್ರದ ಹಾಗೆ ಅರಳಿದ ಬಿಳಿ ಹೂವು. ಹಿಂದೆ ಹಸಿರು ಕೊಳವೆಯೊಂದು ಜೋತುಬಿದ್ದಿತ್ತು. ಉದ್ದ ಸುಮಾರು 29 ಸೆಂಟಿಮೀಟರ್! ಮಕರಂದ ಇದ್ದದ್ದು ಅದರ ತಳದಲ್ಲಿ ಮಾತ್ರ. ಅಷ್ಟು ಆಳದಿಂದ ಹೀರುವವರು ಯಾರು? ಅಷ್ಟೇ ಉದ್ದದ ನಾಲಿಗೆ ಇರುವ ಪತಂಗ ಅಲ್ಲಿ ಇರಲೇಬೇಕು ಅಂತ ಡಾರ್ವಿನ್ ಬರೆದರು. ಅಂಥ ಪತಂಗದ ವಿವರ ಪ್ರಕಟವಾದದ್ದು 1903ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 21 ವರ್ಷವಾಗಿತ್ತು. ಈ ಪ್ರಸಂಗ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಾಲಿಗೆ ಇಷ್ಟುದ್ದ ಆದದ್ದು ಹೇಗೆ? ಎಳೆದು ಎಳೆದು ಉದ್ದವಾಯ್ತು, ಅದೇ ಮರಿಗಳಿಗೂ ಬಂತು ಅನ್ನುವ ಧಾಟಿಯ ವಿವರಣೆಯನ್ನು 1809ರಲ್ಲೇ ಫ್ರಾನ್ಸ್‌ನ ಜೀವವಿಜ್ಞಾನಿ ಲಾಮಾರ್ಕ್ ಕೊಟ್ಟಿದ್ದರು. ಡಾರ್ವಿನ್ ಮತ್ತು ಅವರ ಕಾಲದವರೇ ಆದ ಜೀವವಿಜ್ಞಾನಿ ವ್ಯಾಲೇಸ್ ಹೇಳಿದ್ದು ಬೇರೆ. ಒಂದೇ ಜಾತಿಯಲ್ಲೂ ಎಲ್ಲವೂ ಒಂದೇ ಥರ ಇರುವುದಿಲ್ಲ, ಅಲ್ವಾ? ಗಿಡ್ಡ ನಾಲಿಗೆಯ ಪತಂಗಕ್ಕೆ ಮಕರಂದ ಕಡಿಮೆ ಸಿಗುತ್ತದೆ. ಕೊಳವೆ ಗಿಡ್ಡವಾಗಿದ್ದರೆ ಪತಂಗ ದೂರದಿಂದಲೇ ಹೀರಿ ಹೋಗುತ್ತದೆ, ಪರಾಗ ಅದರ ಮೈಗೆ ಅಂಟುವುದೇ ಇಲ್ಲ. ಹೀಗೆ ಉದ್ದದವೇ ಹೆಚ್ಚು ಸಂತಾನ ಬಿಟ್ಟು, ತಲೆಮಾರಿನಿಂದ ತಲೆಮಾರಿಗೆ ಎರಡೂ ಉದ್ದವಾಗುತ್ತಾ ಬಂದವು.

ಆಮೇಲೆ ಗಮನ, ಜೀವಿಗೆ ತನ್ನ ಪರಿಸರದಲ್ಲಿರುವ ಪಾತ್ರದ ಕಡೆ ಹೊರಳಿತು. 1917ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಜೋಸೆಫ್ ಗ್ರಿನೆಲ್ ಕ್ಯಾಲಿಫೋರ್ನಿಯಾದ ಥ್ರ್ಯಾಷರ್ ಹಕ್ಕಿಯನ್ನು ಅದು ಅಡಗಿ ಬದುಕುವ ದಟ್ಟ ಪೊದೆಗಳ ಜೊತೆಗಿಟ್ಟೇ ವಿವರಿಸಿದರು. 1927ರಲ್ಲಿ ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ ಒಂದು ಪ್ರಾಣಿ ಏನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ ಅಂತ ಕೇಳಿದರು.

ಹಾಗಾದರೆ ಒಮ್ಮೆ ಹೊಂದಿಕೊಂಡರೆ ಮುಗಿಯಿತೇ? ಇಲ್ಲ. ಇದನ್ನು ಕಣ್ಣಾರೆ ಕಂಡವರು ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ. 1973ರಿಂದ ಅವರು ಪೆಸಿಫಿಕ್ ಸಾಗರದ ಗ್ಯಾಲಪಗೋಸ್‌ನ ಡಾಫ್ನೆ ಮೇಜರ್ ಅನ್ನುವ ಪುಟ್ಟ ದ್ವೀಪದಲ್ಲಿ ಫಿಂಚ್ ಹಕ್ಕಿಗಳ ಕೊಕ್ಕು ಅಳೆಯುತ್ತಿದ್ದರು. 1977ರಲ್ಲಿ ಬರ ಬಂತು. ಸಣ್ಣ, ಮೆತ್ತನೆ ಬೀಜಗಳು ಬೇಗ ಖಾಲಿಯಾದವು. ಉಳಿದದ್ದು ನೆಗ್ಗಿಲು ಜಾತಿಯ ಗಟ್ಟಿ ಮುಳ್ಳುಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕೇ ಬೇಕು. ಅಲ್ಲಿನ ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಇಲ್ಲವಾದವು. ಬದುಕುಳಿದವುಗಳಲ್ಲಿ ದಪ್ಪ ಕೊಕ್ಕಿನವೇ ಹೆಚ್ಚು, ಅವುಗಳ ಮರಿಗಳ ಕೊಕ್ಕೂ ದಪ್ಪ. ಬದುಕು ಸಾವಿನ ನಡುವೆ ಇದ್ದದ್ದು ಮಿಲಿಮೀಟರ್ ಲೆಕ್ಕದ ಅಂತರ.

1983ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾದಾಗ ಬರುವ ಮಳೆ, ಸುರಿಯಿತು. ದ್ವೀಪದ ತುಂಬ ಸಣ್ಣ ಬೀಜ. ಮತ್ತೆ ಬರ ಬಂದಾಗ, ಹೆಚ್ಚು ಉಳಿದದ್ದು ಚಿಕ್ಕ ಕೊಕ್ಕಿನವು.