ಐವತ್ತರ ನಂತರ ಮತ್ತೆ ಬೈಕ್: ಭಾರದ ಗಾಡಿಯೇ ಸೇಫಾ?

ಪ್ರಶ್ನೆ: ಸರ್, ನನಗೀಗ 51. ಮದುವೆಗೆ ಮುಂಚೆ ಯೆಜ್ಡಿ ಓಡಿಸುತ್ತಿದ್ದೆ. ಆಮೇಲೆ ಕಾರು ಬಂತು, ಯೆಜ್ಡಿ ಹೋಯಿತು. ಮಗಳ ಓದು ಮುಗಿದಿದೆ, ಮತ್ತೆ ಒಂದು ಗಾಡಿ ತಗೊಳ್ಳೋಣ ಅಂತ ಆಸೆ. ಎಷ್ಟು ಸಿಸಿ ಇರಬೇಕು? ವಯಸ್ಸಾದವರಿಗೆ ಭಾರದ ಗಾಡಿನೇ ಸೇಫ್, ರೋಡ್ ಹಿಡಿದುಕೊಂಡು ಹೋಗುತ್ತೆ ಅಂತಾರೆ. ಬುಲೆಟ್ ತಗೊಳ್ಳಲಾ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ಊರು ಬೇರೆ, ವಯಸ್ಸು ಬೇರೆ, ಯೆಜ್ಡಿ ಇದ್ದ ಕಡೆ ಒಮ್ಮೊಮ್ಮೆ ಆರ್‌ಎಕ್ಸ್ 100 ಇರುತ್ತದೆ. ‘ಭಾರದ ಗಾಡಿನೇ ಸೇಫ್ ಅಂತಾರೆ’ ಅನ್ನುವ ಸಾಲು ಮಾತ್ರ ಬದಲಾಗುವುದಿಲ್ಲ. ಯಾರು ಹಾಗಂತಾರೆ ಎಂದು ಕೇಳಿದರೆ ಭಾವಮೈದ, ಆಫೀಸಿನ ಗೆಳೆಯ, ಇಲ್ಲವೇ ಶೋರೂಮಿನ ಹುಡುಗ.

ಗಾಡಿ ಹೆಸರು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಕೊನೆಯ ಪ್ಯಾರಾಕ್ಕೆ ಹಾರುತ್ತೀರಿ. ಮೊದಲ ಆರು ತಿಂಗಳಿಗೆ 150–160 ಸಿಸಿಯ, 140 ಕೆಜಿ ಆಸುಪಾಸಿನ ಗಾಡಿ. ಹೋಂಡಾ ಯೂನಿಕಾರ್ನ್ ತರಹದ್ದು. ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಒಳ್ಳೆಯದು, ಗೀರು ಬಿದ್ದರೆ ಹೊಟ್ಟೆ ಉರಿಯುವುದಿಲ್ಲ. ಆಮೇಲೂ ಬುಲೆಟ್ ಆಸೆ ಉಳಿದಿದ್ದರೆ ಧಾರಾಳವಾಗಿ ತಗೊಳ್ಳಿ. ನನಗೆ ಬುಲೆಟ್ ಮೇಲೆ ಸಿಟ್ಟಿಲ್ಲ. ಅದನ್ನು ತಗೊಳ್ಳಲು ಕೊಡುವ ಕಾರಣದ ಮೇಲೆ ಸಿಟ್ಟು.

ಆ ಕಾರಣ ನೋಡೋಣ. ಗಾಡಿ ಬೀಳದೆ ನಿಲ್ಲುವುದು ಭಾರದಿಂದ ಅಲ್ಲ, ಓಟದಿಂದ. ಚಿಕ್ಕಂದಿನಲ್ಲಿ ಹಳೇ ಸೈಕಲ್ ಟೈರನ್ನು ಕೋಲಿನಿಂದ ಹೊಡೆದು ಓಡಿಸಿದವರಿಗೆ ಇದು ಗೊತ್ತಿರಬೇಕು. ಅದಕ್ಕೆ ಭಾರವೇ ಇಲ್ಲ, ಆದರೂ ಓಡುವಾಗ ಬೀಳುವುದಿಲ್ಲ. ಬೈಕ್ ಎಡಕ್ಕೆ ವಾಲಿದರೆ ಮುಂದಿನ ಚಕ್ರ ತಾನಾಗಿ ಎಡಕ್ಕೆ ತಿರುಗುತ್ತದೆ. ಚಕ್ರ ಹೋಗಿ ಭಾರದ ಕೆಳಗೆ ನಿಲ್ಲುತ್ತದೆ, ಗಾಡಿ ನೆಟ್ಟಗಾಗುತ್ತದೆ. ಇದನ್ನು ಮಾಡಿಸುವುದು ಮುಂದಿನ ಫೋರ್ಕ್ ಎಷ್ಟು ಓರೆ ಇದೆ, ಎರಡು ಚಕ್ರಗಳ ನಡುವಿನ ದೂರ ಎಷ್ಟು, ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎನ್ನುವ ಲೆಕ್ಕಗಳು.

‘ಆದರೆ ಸರ್, ಬುಲೆಟ್ ಓಡಿಸಿ ನೋಡಿದೆ, ನಿಜವಾಗಲೂ ಅಲ್ಲಾಡಲ್ಲ.’ ಹೌದು, ಅಲ್ಲಾಡುವುದಿಲ್ಲ. ಬುಲೆಟ್‌ನ ಒಡಹುಟ್ಟು, ಅದೇ ಕಂಪನಿಯ ಕ್ಲಾಸಿಕ್ 350ರ ಎರಡು ಚಕ್ರಗಳ ನಡುವೆ 1,390 ಮಿಲಿಮೀಟರ್ ದೂರವಿದೆ, ಸ್ಪ್ಲೆಂಡರ್‌ನಲ್ಲಿ 1,236. ಕ್ಲಾಸಿಕ್‌ನ ಹಿಂದಿನ ಟೈರ್ 120 ಮಿಲಿಮೀಟರ್ ಅಗಲ, ಸ್ಪ್ಲೆಂಡರ್‌ನದು 80. ನಿಮಗೆ ‘ರೋಡ್ ಹಿಡಿದ ಹಾಗೆ’ ಅನಿಸಿದ್ದು ಮುಖ್ಯವಾಗಿ ಈ ಉದ್ದ ಮತ್ತು ಈ ಟೈರ್. ಕೆಲಸ ಮಾಡಿದ್ದು ಅವು, ಹೆಸರು ತಗೊಂಡಿದ್ದು ತೂಕ. ಒಂದೇ ಒಂದು ಕಡೆ ತೂಕಕ್ಕೆ ನ್ಯಾಯವಾಗಿ ಮಾರ್ಕ್ಸ್ ಕೊಡಬೇಕು. ಹೈವೇಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದಾಗ ಬರುವ ಗಾಳಿಯ ಹೊಡೆತವನ್ನು ಭಾರದ ಗಾಡಿ ಚೆನ್ನಾಗಿ ತಡೆದುಕೊಳ್ಳುತ್ತದೆ. ಅಷ್ಟೇ.

ಈಗ ಇನ್ನೊಂದು ಬದಿ. ಬಹಳ ವರ್ಷದ ಮೇಲೆ ಗಾಡಿ ಹತ್ತಿದವರು ಮೊದಲು ಬೀಳುವುದು ಎಲ್ಲಿ ಗೊತ್ತಾ? ಆಗುಂಬೆಯ ತಿರುವಿನಲ್ಲಿ ಅಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್‍ಯಾಂಪಿನಲ್ಲಿ. ಪೆಟ್ರೋಲ್ ಬಂಕಿನಲ್ಲಿ. ಯು-ಟರ್ನ್ ಹೊಡೆಯುವಾಗ ಎದುರಿಗೆ ಆಟೋ ಬಂದು ಗಕ್ಕನೆ ಬ್ರೇಕ್ ಹಿಡಿದಾಗ. ತರಕಾರಿ ಅಂಗಡಿ ಮುಂದೆ, ಮರಳು ಬಿದ್ದ ಕಡೆ ಕಾಲು ಊರಿದಾಗ. ಅಲ್ಲೆಲ್ಲ ಓಟ ಇರುವುದಿಲ್ಲ, ಹಾಗಾಗಿ ಓಟದ ಸಹಾಯವೂ ಇಲ್ಲ. ಗಾಡಿಯನ್ನು ಹಿಡಿದು ನಿಲ್ಲಿಸುವುದು ನಿಮ್ಮ ಕಾಲು, ಸೊಂಟ, ಭುಜ. ಅವಕ್ಕೂ 51 ವರ್ಷ.

ಲೆಕ್ಕ ಹಾಕಿ ನೋಡಿ. ಕ್ಲಾಸಿಕ್ 350ರ ತೂಕ 195 ಕೆಜಿ. ಅದರ ಭಾರದ ನಡುಬಿಂದು ನೆಲದಿಂದ ಅರ್ಧ ಮೀಟರ್ ಮೇಲಿದೆ, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ನಿಂತ ಗಾಡಿ 5 ಡಿಗ್ರಿ ವಾಲಿದರೆ ಹ್ಯಾಂಡಲ್ ಹಿಡಿದ ಕೈಗೆ ಬೀಳುವುದು 8 ಕೆಜಿ ಚಿಲ್ಲರೆ ಭಾರ. ಆರಾಮ. 10 ಡಿಗ್ರಿಗೆ 17. 20 ಡಿಗ್ರಿಗೆ 33. 112 ಕೆಜಿಯ ಸ್ಪ್ಲೆಂಡರ್ ಆಗಿದ್ದರೆ ಅದೇ 20 ಡಿಗ್ರಿಗೆ 19 ಕೆಜಿ, ಅದನ್ನು ಹೇಗೋ ಎಳೆದು ನಿಲ್ಲಿಸಬಹುದು. ಹಿಂದೆ ಯಜಮಾನತಿ ಕೂತಿದ್ದರೆ ಈ ಲೆಕ್ಕ ಇನ್ನೂ ಕೆಡುತ್ತದೆ. ಅವರು ಕೂರುವುದು ಆ ನಡುಬಿಂದುವಿಗಿಂತ ಮೇಲೆ. ವಾಲಿದ್ದು ಸ್ವಲ್ಪ ಜಾಸ್ತಿಯಾಯಿತು ಅಂದರೆ ಗಾಡಿ ಬಿಟ್ಟುಬಿಡಿ, ಬೀಳಲಿ. ಹಿಡಿಯಲು ಹೋಗಿ ಸೊಂಟ ಉಳುಕಿಸಿಕೊಂಡು ಮಲಗಿದವರು ಬೇಕಾದಷ್ಟು ಜನ ಇದ್ದಾರೆ. ಲೀವರ್, ಇಂಡಿಕೇಟರ್ ಅಂಗಡಿಯಲ್ಲಿ ಸಿಗುತ್ತದೆ.

ಇಷ್ಟು ಹೇಳಿದ ಮೇಲೂ ‘ಆದ್ರೂ ಭಾರದ ಗಾಡಿ ಬ್ರೇಕ್ ಹಾಕಿದ್ರೆ ಕಚ್ಚಿ ನಿಲ್ಲುತ್ತೆ ಅಲ್ವಾ’ ಅನ್ನುತ್ತಾರೆ. ಇಲ್ಲ ಸ್ವಾಮಿ. ಭಾರ ಜಾಸ್ತಿಯಾದರೆ ಟೈರಿನ ಹಿಡಿತ ಜಾಸ್ತಿಯಾಗುತ್ತದೆ, ನಿಲ್ಲಿಸಬೇಕಾದ ಭಾರವೂ ಅಷ್ಟೇ ಜಾಸ್ತಿಯಾಗುತ್ತದೆ. ಅಲ್ಲಿಗೆ ಸರಿಗೆ ಸರಿ. ಗಾಡಿ ನಿಲ್ಲುವುದು ಒಳ್ಳೆಯ ಟೈರು, ಒಳ್ಳೆಯ ಬ್ರೇಕಿನಿಂದ.

ನಿಮ್ಮ ಯೆಜ್ಡಿಗೆ ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕ್. ಹಾಗಾಗಿ ನಿಮಗೆ ಬ್ರೇಕನ್ನು ಜೋರಾಗಿ ಒತ್ತಿ ಅಭ್ಯಾಸ. ಈಗಿನ ಡಿಸ್ಕ್ ಬ್ರೇಕನ್ನು ಗಾಬರಿಯಲ್ಲಿ ಹಾಗೆ ಒತ್ತಿದರೆ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಲಾಕ್ ಆಗುತ್ತದೆ, ನೀವು ನೆಲದ ಮೇಲಿರುತ್ತೀರಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಸಾಕು ಎಂದು ಆಗ ನಿಯಮ ಬಂತು. ನಾನು 150–160 ಹೇಳಿದ್ದು ಇದಕ್ಕೇ, ಪವರ್‌ಗಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ 2019ರ ಏಪ್ರಿಲ್‌ಗಿಂತ ಹಳೆಯದನ್ನು ಮುಟ್ಟಬೇಡಿ.

ಸಿಸಿ ಬಗ್ಗೆ ಎರಡೇ ಮಾತು. ಹೈವೇಗೆ ದೊಡ್ಡ ಇಂಜಿನ್ ಬೇಕು ಅನ್ನುವವರು ಯಾವ ಹೈವೇ ಎಂದು ಹೇಳಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳನ್ನು ಬಿಡುತ್ತಿಲ್ಲ. ನೀವು ಹೋಗುವುದು ಸರ್ವಿಸ್ ರಸ್ತೆಯಲ್ಲಿ, ಹಂಪು ಹಾರಿಸಿಕೊಂಡು, ಟ್ರ್ಯಾಕ್ಟರ್ ಹಿಂದೆ. ಅದಕ್ಕೆ 160 ಸಿಸಿ ಬೇಕಾದಷ್ಟಾಯಿತು.

ಶೋರೂಮಿಗೆ ಹೋದಾಗ ಟೆಸ್ಟ್ ರೈಡ್‌ಗಿಂತ ಮುಂಚೆ ಒಂದು ಕೆಲಸ ಮಾಡಿ. ಇಂಜಿನ್ ಆಫ್ ಇರಲಿ. ಗಾಡಿ ಮೇಲೆ ಕೂತು ಎರಡೂ ಕಾಲು ಊರಿ ಹಿಂದಕ್ಕೆ ತಳ್ಳಿ. ಸ್ವಲ್ಪ ಏರು ಇರುವ ಕಡೆಯೇ ತಳ್ಳಿ. ಏದುಸಿರು ಬಂದರೆ, ತುದಿಗಾಲಲ್ಲಿ ನಿಲ್ಲಬೇಕಾದರೆ, ಆ ಗಾಡಿ ನಿಮ್ಮದಲ್ಲ. ಶೋರೂಮಿನ ಹುಡುಗ ನಗುತ್ತಾನೆ, ನಗಲಿ. ಅವನಿಗೆ 24.

ಸೀಟಿನ ಎತ್ತರ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಸೀಟು ಅಗಲವಾಗಿದ್ದರೆ ತೊಡೆ ಹೊರಕ್ಕೆ ಹೋಗಿ ಕಾಲು ಗಿಡ್ಡವಾಗುತ್ತದೆ. ಕ್ಲಾಸಿಕ್ ಮತ್ತು ಬುಲೆಟ್ 805 ಮಿಲಿಮೀಟರ್. ಅದೇ ಇಂಜಿನ್ನಿನ ಹಂಟರ್ 790, ತೂಕ 181 ಕೆಜಿ. ಮೀಟಿಯಾರ್ 765, ತೂಕ 191. ಐದೂವರೆ ಅಡಿಗಿಂತ ಕಡಿಮೆ ಇರುವವರು, ಮಂಡಿ ನೋವಿನವರು ಕಾಲು ಎತ್ತಿ ಹಾಕಲು ಸುಲಭವಾದದ್ದು ನೋಡಿ. ಬಜಾಜ್ ಅವೆಂಜರ್‌ನ ಸೀಟು 737 ಮಿಲಿಮೀಟರ್ ಅಷ್ಟೇ. ಆದರೆ ಅದರಲ್ಲಿ ಕಾಲು ಮುಂದಕ್ಕೆ ಚಾಚಿ ಕೂರಬೇಕು. ಹಂಪು ಬಂದಾಗ ಕಾಲಿನ ಮೇಲೆ ಎದ್ದು ನಿಲ್ಲಲು ಆಗುವುದಿಲ್ಲ, ಏಟು ನೇರ ಬೆನ್ನುಮೂಳೆಗೆ. ನಮ್ಮ ಹಂಪುಗಳು ಗೊತ್ತಲ್ಲ. ಬೆನ್ನು ನೋವಿದ್ದರೆ ಅವೆಂಜರ್ ಬೇಡ.

ಯಾರೂ ಕೇಳದ ಒಂದು ಪ್ರಶ್ನೆಗೂ ಇಲ್ಲೇ ಉತ್ತರ ಕೊಡುತ್ತೇನೆ. ನಿಮ್ಮ ಲೈಸೆನ್ಸ್‌ಗೆ ಇನ್ನೂ ಜೀವ ಇದೆಯಾ? ಹಳೆಯ ನಿಯಮದಲ್ಲಿ ಲೈಸೆನ್ಸ್ 20 ವರ್ಷ, ಇಲ್ಲವೇ 50 ತುಂಬುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ. ಅಂದರೆ ಹಳೇ ಲೈಸೆನ್ಸ್ ಇಟ್ಟುಕೊಂಡ ಎಷ್ಟೋ ಜನರದ್ದು 50ನೇ ಹುಟ್ಟುಹಬ್ಬದ ದಿನವೇ ಮುಗಿದಿರುತ್ತದೆ. ಕಾರು ಓಡಿಸುತ್ತಲೇ ಇರುತ್ತಾರೆ, ಕಾರ್ಡ್ ತೆಗೆದು ನೋಡಿರುವುದಿಲ್ಲ. 2019ರ ತಿದ್ದುಪಡಿ ಪ್ರಕಾರ ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಮೊದಲು ಐದು ವರ್ಷ ಸಮಯ ಇತ್ತು, ಈಗಿಲ್ಲ. ನಿಮಗೆ 51, ಅಂದರೆ ಇವತ್ತೇ ಕಾರ್ಡ್ ತೆಗೆದು ನೋಡಿ. 50ರಿಂದ 55ರ ಒಳಗೆ ನವೀಕರಣ ಮಾಡಿಸಿದರೆ 60 ತುಂಬುವವರೆಗೆ ಚಿಂತೆಯಿಲ್ಲ. 55 ದಾಟಿದ ಮೇಲೆ ಐದೈದು ವರ್ಷಕ್ಕೆ.

ಅದೇ ಕಾರ್ಡಿನಲ್ಲಿ ಎಂಸಿಡಬ್ಲ್ಯೂಜಿ ಎಂದು ಇದೆಯಾ ಅಂತಲೂ ನೋಡಿ. ಅದು ಗೇರ್ ಬೈಕಿನ ಪರವಾನಗಿ. ಕಾರಿನ ಎಲ್‌ಎಂವಿ ಒಂದೇ ಇದ್ದರೆ ಬೈಕ್ ಓಡಿಸುವಂತಿಲ್ಲ. ಏನಾದರೂ ಆದರೆ ವಿಮೆ ಕಂಪನಿ ಮೊದಲು ಕೇಳುವುದೇ ಇದನ್ನು.

ನವೀಕರಣಕ್ಕೆ ಡಾಕ್ಟರ ಹತ್ತಿರ ಫಾರ್ಮ್ 1ಎ, ಅಂದರೆ ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಬೇಕಲ್ಲ, ಆಗ ಕಣ್ಣನ್ನೂ ಸರಿಯಾಗಿ ತೋರಿಸಿಕೊಳ್ಳಿ. ಚಾಳೀಸು ಬಂದಿದ್ದರೆ ಮೀಟರ್ ಕಾಣುವುದಿಲ್ಲ, ಓದುವ ಕನ್ನಡಕ ಹಾಕಿದರೆ ರಸ್ತೆ ಕಾಣುವುದಿಲ್ಲ. ಎರಡಕ್ಕೂ ಆಗುವ ಕನ್ನಡಕ ಮಾಡಿಸಿ. ಅದರ ಕಡ್ಡಿ ತೆಳ್ಳಗಿರಲಿ, ನೆಟ್ಟಗಿರಲಿ. ಕಿವಿ ಹಿಂದೆ ಬಾಗಿದ ಕಡ್ಡಿ ಫುಲ್ ಫೇಸ್ ಹೆಲ್ಮೆಟ್ ಒಳಗೆ ಸಲೀಸಾಗಿ ತೂರುವುದಿಲ್ಲ. ಹೆಲ್ಮೆಟ್ ಕೊಳ್ಳಲು ಹೋಗುವಾಗ ಕನ್ನಡಕ ಹಾಕಿಕೊಂಡೇ ಹೋಗಿ, ಐಎಸ್ಐ ಗುರುತು ನೋಡಿ, ಎರಡು ತಗೊಳ್ಳಿ. ಎರಡನೆಯದು ಹಿಂದೆ ಕೂರುವವರಿಗೆ, ಅವರ ತಲೆಗೆ ಹಾಕಿ ನೋಡಿಯೇ.